ಜ್ವರ ಎದ್ದ ಹುಳಕ್ಕೆ ಸೊಪ್ಪು, ನಾಲ್ಕನೇ ಕ್ಲಾಸಿಗೆ ಪುಸ್ತಕ

ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ‘ನಾಲ್ಕನೇ ಜ್ವರ’ ಎಂಬ ಮಾತಿದೆ. ಸುಮಾರು 25 ದಿನಗಳ ಬಾಳಿನಲ್ಲಿ ಹುಳ ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಅದಕ್ಕೆ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದೇ ಜ್ವರ. ನಾಲ್ಕನೆಯದು ಎದ್ದಿತೋ, ಆಮೇಲೆ ಮನೆಯವರಿಗೆ ನಿದ್ದೆಯಿಲ್ಲ. ಹುಳ ಹುಟ್ಟಿನಿಂದ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಈ ಕೊನೆಯ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ರಾತ್ರಿ ಹುಳದ ಮನೆಯ ಬಾಗಿಲಲ್ಲಿ ನಿಂತರೆ ಒಳಗೆ ಜಡಿಮಳೆ ಹಿಡಿದಂಥ ಸದ್ದು. ಆಗ ಸೊಪ್ಪು ಸಾಲದೆ ಹೋದರೆ, ಹಿಂದಿನ ಎರಡೂವರೆ ವಾರ ಎಷ್ಟೇ ಅಕ್ಕರೆಯಿಂದ ನೋಡಿಕೊಂಡಿದ್ದರೂ, ಗೂಡು ತೆಳುವಾಗುತ್ತದೆ. ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್ ಗೂಡನ್ನು ಬೆರಳಲ್ಲಿ ಒತ್ತಿ ನೋಡಿದೊಡನೆ ಅದು ಗೊತ್ತಾಗಿಬಿಡುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಸರ್ಕಾರಿ ಶಾಲೆಗಳಿಗೆ ಹೋದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳು ಜ್ವರ ಎದ್ದ ಹುಳದ ಹಾಗಿರುತ್ತಾರೆ. ಅಕ್ಷರ ಒಂದು ಹಂತಕ್ಕೆ ಬಂದಿದೆ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬಿಸ್ಕತ್ತಿನ ಪೊಟ್ಟಣ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾರೆ. ಹಸಿದಿದ್ದಾರೆ. ಅವರಿಗೆ ಬೇಕಾದ ಸೊಪ್ಪು ಅದೇ ಶಾಲೆಯ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ, ಬೀರುವಿನ ಒಳಗಿದೆ. ಬೀರುವಿಗೆ ಬೀಗ ಹಾಕಿದೆ.

ಆ ಬೀಗ ಹಾಕಿದವರನ್ನು ಬೈಯುವುದು ಸುಲಭ. ಆದರೆ ಅದರ ಹಿಂದಿನ ಕಾರಣ ನೋಡಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಗ್ರಂಥಾಲಯಕ್ಕೆಂದೇ ಅನುದಾನವಿದೆ. ಇಲಾಖೆಯಿಂದ ಪುಸ್ತಕ ಬರುತ್ತದೆ, ದಾನಿಗಳೂ ಕೊಡುತ್ತಾರೆ. ಬಂದ ಪುಸ್ತಕವನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸುತ್ತಾರೆ. ರಿಜಿಸ್ಟರಿನಲ್ಲಿ ಏರಿದ್ದು ಬೀರುವಿನಲ್ಲಿ ಇರಲೇಬೇಕು. ಒಂದು ಕಳೆದರೆ ವರ್ಗಾವಣೆಯ ದಿನ ಚಾರ್ಜು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಕರಾರು. ಅದಕ್ಕಾಗಿ ಪುಸ್ತಕಗಳನ್ನು ನುಸಿಗುಳಿಗೆ ಹಾಕಿ ಜೋಪಾನ ಮಾಡುತ್ತಾರೆ. ಹತ್ತು ವರ್ಷದ ಹಿಂದೆ ಬಂದ ಚಿತ್ರಪುಸ್ತಕ ಇವತ್ತಿಗೂ ಪ್ರೆಸ್ಸಿನಿಂದ ಈಗ ಇಳಿಸಿದಂತೆ ಗರಿಗರಿಯಾಗಿರುವುದನ್ನು ನಾನು ನೋಡಿದ್ದೇನೆ. ಶಾಲೆಯ ಪುಸ್ತಕ ಅಷ್ಟು ಹೊಸದಾಗಿ ಉಳಿದಿದೆ ಎಂದರೆ ಅಲ್ಲಿ ಏನೋ ತಪ್ಪಾಗಿದೆ ಎಂದೇ ಅರ್ಥ.

ಇದೇ ಸೀಮೆಯ ಚನ್ನಪಟ್ಟಣದವರು ಇನ್ನೊಂದು ಪಾಠ ಹೇಳುತ್ತಾರೆ. ಆಲೆ ಮರದ ತುಂಡನ್ನು ಲೇತ್ ಯಂತ್ರಕ್ಕೆ ಕೊಟ್ಟು ಗೊಂಬೆ ತೆಗೆಯುವ ಕುಶಲಕರ್ಮಿ, ಮಗು ಅದನ್ನು ಬಾಯಿಗೆ ಇಟ್ಟೇ ಇಡುತ್ತದೆ, ನೆಲಕ್ಕೆ ಎಸೆದೇ ಎಸೆಯುತ್ತದೆ ಎಂದು ತಿಳಿದೇ ಕೆಲಸಕ್ಕೆ ಕೂರುತ್ತಾನೆ. ಅದಕ್ಕೇ ಅಲ್ಲಿ ಮೂಲೆ ಚೂಪಾಗಿರುವುದಿಲ್ಲ, ಅದಕ್ಕೇ ಅರಗಿನ ಬಣ್ಣ. ಬಳಸಲಿ ಎಂದು ಮಾಡಿದ ವಸ್ತು ಅದು. ಪುಸ್ತಕದ ವಿಷಯದಲ್ಲಿ ಇದೇ ಮಾತನ್ನು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಮೊದಲನೇ ಸೂತ್ರವಾಗಿ ಬರೆದವರು ಎಸ್‌.ಆರ್‌. ರಂಗನಾಥನ್. ಪುಸ್ತಕ ಇರುವುದು ಬಳಕೆಗೆ, ಅಷ್ಟೇ ಆ ಸೂತ್ರ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುವು ಅದರ ಬೆನ್ನಿಗೇ ಬರುವ ಎರಡು ಸೂತ್ರಗಳು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲೇ ತೀರಿಕೊಂಡ ಆ ಹಿರಿಯರ ಮಾತು 50 ಕಿಲೋಮೀಟರ್ ದೂರದ ನಮ್ಮ ಬೀರುಗಳನ್ನು ಇನ್ನೂ ತಲುಪಿಲ್ಲ.

ನಾಲ್ಕನೇ ತರಗತಿಯನ್ನೇ ಯಾಕೆ ಹಿಡಿದುಕೊಂಡಿದ್ದೇನೆ ಎಂದು ಹೇಳಬೇಕು. ಅದಕ್ಕೆ ನಮ್ಮ ಲಿಪಿಯೊಳಗೇ ಕಾರಣವಿದೆ.

ಇಂಗ್ಲಿಷಿನ ಮಗು 26 ಅಕ್ಷರ ಕಲಿತರೆ ಚಿಹ್ನೆಗಳ ಲೆಕ್ಕ ಮುಗಿಯಿತು. ನಮ್ಮ ವರ್ಣಮಾಲೆಯಲ್ಲಿ 49. ಅದರ ಮೇಲೆ ಕಾಗುಣಿತ. ವ್ಯಂಜನಗಳಿಗೆಲ್ಲ ಸ್ವರ ಕೂಡಿಸುತ್ತಾ ಹೋದರೆ ಗುರುತಿಸಬೇಕಾದ ರೂಪಗಳು 400 ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ತ-ಕಾರದ ಒತ್ತಿಗೆ ತ-ಕಾರದ ಮುಖವೇ ಇಲ್ಲ, ರ-ಕಾರದ ಒತ್ತಿಗೆ ರ-ಕಾರದ್ದಿಲ್ಲ. ಅರ್ಕಾವೊತ್ತು ಬರೆಯುವುದು ಒಂದು ಕಡೆ, ಉಚ್ಚರಿಸುವುದು ಇನ್ನೊಂದು ಕಡೆ. ಇದನ್ನು ಹಗುರ ಮಾಡಲೆಂದೇ ನಮ್ಮ ಒಂದನೇ ತರಗತಿಯಲ್ಲಿ ಅ ಆ ಇ ಈ ಬದಲು ರ ಗ ಸ ದ ಅ, ಜ ವ ಮ ಬ ನ ಎಂದು ಶುರುಮಾಡುತ್ತಾರೆ. ರೂಪ ಸರಳ, ಕೂಡಿಸಿದರೆ ಬೇಗ ಪದವಾಗುತ್ತದೆ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಹುಟ್ಟಿ, ಆಮೇಲೆ ರಾಜ್ಯವನ್ನೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯೂ ಕಾರ್ಡು, ಹಾಡು, ಮೈಲಿಗಲ್ಲುಗಳ ಮೂಲಕ ಮಗುವನ್ನು ಈ ಮೆಟ್ಟಿಲು ಹತ್ತಿಸುತ್ತದೆ. ಒಳ್ಳೆಯ ಕೆಲಸವೇ. ಆದರೆ ಮೆಟ್ಟಿಲು ಅಲ್ಲಿಗೆ ಮುಗಿಯುವುದಿಲ್ಲ.

ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರುವುದು ಒಂದೆರಡು ವರ್ಷದ ಕೆಲಸವಲ್ಲ, ನಾಲ್ಕನೇ ತರಗತಿಯವರೆಗೂ ಅದು ಮುಂದುವರಿಯುತ್ತಲೇ ಇರುತ್ತದೆ ಎಂದು ಅವರು ತೋರಿಸಿದರು. ನನ್ನ ಮಟ್ಟಿಗೆ ಇದು ಪ್ರತಿ ಶಿಕ್ಷಕರ ಕೊಠಡಿಯಲ್ಲೂ ಅಂಟಿಸಿಡಬೇಕಾದ ಸಂಗತಿ. ಯಾಕೆಂದರೆ ‘ಮೂರನೇ ಕ್ಲಾಸಿಗೆ ಬಂದರೂ ಓದಲ್ಲ, ದಡ್ಡ’ ಎಂದು ನಾವು ತೀರ್ಪು ಕೊಡುವ ಮಗು ತನ್ನ ಲಿಪಿ ಕೇಳುವಷ್ಟು ಸಮಯವನ್ನೇ ತೆಗೆದುಕೊಳ್ಳುತ್ತಿರಬಹುದು. ಇನ್ನೊಂದು ಮಾತೂ ಇದೆ. ‘ಸ್ತ್ರ’, ‘ಕ್ಷ್ಮ’ ಮುಂತಾದ ರೂಪಗಳು ಕಣ್ಣಿಗೆ ಮತ್ತೆ ಮತ್ತೆ ಬಿದ್ದರೆ ಮಾತ್ರ ನೆಲೆ ನಿಲ್ಲುತ್ತವೆ. ವರ್ಷಕ್ಕೊಂದು ಪಠ್ಯಪುಸ್ತಕದಲ್ಲಿ ಅವು ಎಷ್ಟು ಸಲ ಬಂದಾವು? ಹತ್ತು ಪುಟದ ಪಾಠವನ್ನು ಹದಿನೈದು ದಿನ ಓದಿಸುವ ಹೊತ್ತಿಗೆ ಮಗುವಿಗೆ ಅದು ಬಾಯಿಪಾಠವಾಗಿರುತ್ತದೆ. ಬಾಯಿ ಓಡುತ್ತಿರುತ್ತದೆ, ಕಣ್ಣು ಅಕ್ಷರದ ಮೇಲೆ ಇರುವುದೇ ಇಲ್ಲ.

ಶಿಕ್ಷಣದ ಸ್ಥಿತಿಗತಿ ಅಳೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇ 44.8. ಅರ್ಧಕ್ಕಿಂತ ಹೆಚ್ಚು ಮಕ್ಕಳು ಗೂಡು ಕಟ್ಟುವ ವಯಸ್ಸಿಗೆ ಅರೆಹೊಟ್ಟೆಯಲ್ಲಿ ಬಂದಿದ್ದಾರೆ.

ರಾಮನಗರದವರು ಈ ವಿಷಯದಲ್ಲಿ ದೂರದ ಮಾದರಿ ಹುಡುಕಬೇಕಾಗಿಲ್ಲ. ಜಿ.ಪಿ. ರಾಜರತ್ನಂ ಹುಟ್ಟಿದ್ದು ಇದೇ ಊರಲ್ಲಿ. ‘ರತ್ನನ ಪದಗಳು’ ಬರೆದ ಕವಿ, ಕಾಲೇಜು ಮೇಷ್ಟ್ರು, 1978ರ ದೆಹಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಎಂದು ನಾವು ಅವರನ್ನು ನೆನೆಯುತ್ತೇವೆ. ಆದರೆ ಅವರ ಮೇಷ್ಟ್ರುಗಿರಿ ಶುರುವಾದದ್ದು ಪುಟ್ಟ ಮಕ್ಕಳ ನಡುವೆ. ಎಂ.ಎ. ಮುಗಿಸಿದ ಮೇಲೆ ಸ್ವಲ್ಪ ಕಾಲ ತಂದೆಯವರು ನಡೆಸುತ್ತಿದ್ದ ಶಿಶುವಿಹಾರ ಮತ್ತು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದರು. ಅವರ ಶಿಶುಸಾಹಿತ್ಯ ಮೊಳೆತದ್ದು ಆ ತರಗತಿಯಲ್ಲೇ. ‘ತುತ್ತೂರಿ’, ‘ಕಡಲೆಪುರಿ’, ‘ಗುಲಗಂಜಿ’, ಆ ಪುಸ್ತಕಗಳ ಹೆಸರುಗಳನ್ನೇ ನೋಡಿ. ಮಗುವಿನ ಕೈಯಲ್ಲಿ ಹಿಡಿಯುವಂಥವು, ಜೇಬಿನಲ್ಲಿ ತುಂಬಿಕೊಳ್ಳುವಂಥವು. ತುತ್ತೂರಿಯ ಪದ್ಯವನ್ನು, ನಾಯಿಮರಿಯ ಪದ್ಯವನ್ನು ಕನ್ನಡದ ಎಷ್ಟು ತಲೆಮಾರು ಬಾಯಿಪಾಠ ಮಾಡಿದೆಯೋ ಲೆಕ್ಕವಿಲ್ಲ. ಕನ್ನಡದಲ್ಲಿ ಹೀಗೆ ಮಕ್ಕಳಿಗಾಗಿ ದುಡಿದ ದೊಡ್ಡವರು ಬೇರೆಯವರೂ ಇದ್ದಾರೆ. ಪಂಜೆ ಮಂಗೇಶರಾಯರೂ ಶಿಕ್ಷಕರೇ. ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲ ಪ್ರಪಂಚ’ದ ಮೂರು ದಪ್ಪ ಸಂಪುಟಗಳನ್ನು ಮಕ್ಕಳ ಕೈಗಿಟ್ಟರು. ಆದರೆ ರಾಜರತ್ನಂ ಅವರ ಕತೆಯಲ್ಲಿ ನಮಗೆ ಬೇಕಾದ ಪಾಠ ಬೇರೆ. ಎದುರಿಗೆ ಕೂತ ಮಗುವಿನ ಮುಖ ನೋಡಿ, ಅದಕ್ಕೆ ಏನು ರುಚಿಸೀತು ಎಂದು ಒಬ್ಬ ಮೇಷ್ಟ್ರು ಯೋಚಿಸಿದರು. ಉಳಿದದ್ದೆಲ್ಲ ಅದರಿಂದ ಬಂತು.

ಎಲ್ಲ ಶಿಕ್ಷಕರೂ ಪದ್ಯ ಬರೆಯಬೇಕಾಗಿಲ್ಲ. ಈಗ ಪುಸ್ತಕಗಳಿವೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ, ನವಕರ್ನಾಟಕದವರ ಮಕ್ಕಳ ಪುಸ್ತಕಗಳು, ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಸಿಗುವ ‘ಭಾರತ-ಭಾರತಿ’ಯ ಕಿರುಹೊತ್ತಗೆಗಳು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಚಿತ್ರಪುಸ್ತಕ ತಂದಿತು. 2015ರಲ್ಲಿ ಅದೇ ಸಂಸ್ಥೆ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳು ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಓದುವ ಮಟ್ಟಕ್ಕೆ ತಕ್ಕಂತೆ ಅವನ್ನು ನಾಲ್ಕು ಹಂತಗಳಲ್ಲಿ ಜೋಡಿಸಿಟ್ಟಿದ್ದಾರೆ. ಪುಸ್ತಕ ಇಲ್ಲ ಎಂಬ ಕೊರಗು ನಮ್ಮ ಕಾಲದ್ದು, ಈಗಿನದಲ್ಲ.

ಹಾಗಾದರೆ ಬೀರು ತೆಗೆದು ಮಕ್ಕಳ ಮುಂದೆ ಸುರಿದರೆ ಸಾಕೇ? ಇದನ್ನು ಜಗತ್ತಿನ ಬೇರೆ ಕಡೆ ಮಾಡಿ ನೋಡಿದ್ದಾರೆ. ಅಲ್ಲಿಂದ ಬಂದ ಉತ್ತರ ಕೇಳಿಸಿಕೊಳ್ಳುವಂಥದ್ದು.

1980ರ ಸುಮಾರಿಗೆ ಫಿಜಿ ದ್ವೀಪದ 12 ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬಿಬ್ಬರು ಒಂದು ಪ್ರಯೋಗ ನಡೆಸಿದರು. ತರಗತಿಗಳು 4 ಮತ್ತು 5. ಮನೆಮಾತು ಬೇರೆ, ಶಾಲೆಯಲ್ಲಿ ಕಲಿಯುವುದು ಇಂಗ್ಲಿಷ್, ಮನೆಯಲ್ಲಿ ಪುಸ್ತಕವೇ ಅಪರೂಪ. ಆಯ್ದ ತರಗತಿಗಳಿಗೆ ತಲಾ ಸುಮಾರು 250 ಕತೆಪುಸ್ತಕ ಕೊಟ್ಟರು. ಕೆಲವು ಕಡೆ ದಿನಾ ಸ್ವಲ್ಪ ಹೊತ್ತು ಮಕ್ಕಳು ತಮಗೆ ಬೇಕಾದ್ದನ್ನು ಮೌನವಾಗಿ ಓದಿಕೊಂಡರು. ಇನ್ನು ಕೆಲವು ಕಡೆ ಮೇಷ್ಟ್ರು ದೊಡ್ಡದಾಗಿ ಓದಿ ಹೇಳಿ, ಮಕ್ಕಳೊಡನೆ ಮಾತಾಡಿದರು. ಉಳಿದ ತರಗತಿಗಳಲ್ಲಿ ಹಳೆಯ ಪಾಠಕ್ರಮವೇ ಮುಂದುವರಿಯಿತು. ಪುಸ್ತಕ ಸಿಕ್ಕ ಎರಡೂ ಬಗೆಯ ಮಕ್ಕಳು ಓದಿನಲ್ಲಿ ಮಿಕ್ಕವರಿಗಿಂತ ಸುಮಾರು ಎರಡರಷ್ಟು ವೇಗದಲ್ಲಿ ಮುಂದೆ ಹೋದರು. ಎರಡನೇ ವರ್ಷದ ಹೊತ್ತಿಗೆ ಬೇರೆ ವಿಷಯಗಳಲ್ಲೂ ಅದರ ಫಲ ಕಂಡಿತು.

ಅಮೆರಿಕದ ಅನುಭವ ಇನ್ನೊಂದು ಬಗೆಯದು. ತರಗತಿಯಲ್ಲಿ ಎಲ್ಲರೂ, ಶಿಕ್ಷಕರೂ ಸೇರಿ, ಸದ್ದಿಲ್ಲದೆ ತಮ್ಮ ತಮ್ಮ ಪುಸ್ತಕ ಓದುವ ಪದ್ಧತಿಯನ್ನು ವರ್ಮಾಂಟ್ ವಿಶ್ವವಿದ್ಯಾಲಯದ ಲೈಮನ್ ಹಂಟ್ 1960ರ ದಶಕದಲ್ಲಿ ಮುಂದಿಟ್ಟರು. ಅದು ಬೇಗ ಹರಡಿತು. ಆದರೆ 2000ದಲ್ಲಿ ಅಲ್ಲಿನ ರಾಷ್ಟ್ರೀಯ ಓದು ಸಮಿತಿ, ಸುಮ್ಮನೆ ಮೌನ ಓದಿಗೆ ಸಮಯ ಕೊಟ್ಟರೆ ಓದುವ ಸಾಮರ್ಥ್ಯ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ದೊಡ್ಡ ಚರ್ಚೆಯಾಯಿತು. ನನಗೆ ಈ ಎರಡೂ ಒಂದಕ್ಕೊಂದು ವಿರುದ್ಧ ಅನ್ನಿಸುವುದಿಲ್ಲ. ಪುಸ್ತಕ ಕೊಟ್ಟು ಶಿಕ್ಷಕರು ಹಾಜರಿ ಪುಸ್ತಕ ತುಂಬಲು ಕೂತರೆ, ಓದಲು ಕಷ್ಟಪಡುವ ಮಗು ಪುಟ ತಿರುವುತ್ತಾ ಓದಿದ ಹಾಗೆ ನಟಿಸುತ್ತದೆ. ಹುಳದ ಮುಂದೆ ಸೊಪ್ಪಿನ ಕಟ್ಟು ಎಸೆದು ಹೋದ ಹಾಗೆ. ಎಳೆಹುಳಕ್ಕೆ ಸಣ್ಣಗೆ ಕತ್ತರಿಸಿ ಹಾಕಬೇಕು, ಬೆಳೆದ ಹುಳಕ್ಕೆ ರೆಂಬೆಯನ್ನೇ ಇಡಬಹುದು. ಹುಳ ಸಾಕುವ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕಣ್ಣಾರೆ ಕಂಡ ಒಂದು ತರಗತಿಯ ಮಾತು ಹೇಳುತ್ತೇನೆ. ಕನಕಪುರ ತಾಲ್ಲೂಕಿನ ಕಾಡಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ, ಇಬ್ಬರು ಶಿಕ್ಷಕರು. ಅಲ್ಲಿನ ಮಿಸ್ ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ಹೊರಗೆ ತಂದು, ಗೋಡೆಯಿಂದ ಗೋಡೆಗೆ ಮಕ್ಕಳ ಎದೆಮಟ್ಟಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ನೇತು ಹಾಕಿದ್ದರು. ಬೆನ್ನು ಮಾತ್ರ ಕಾಣುವ ಹಾಗೆ ಜೋಡಿಸಿದರೆ ಮಕ್ಕಳಿಗೆ ಗೊತ್ತಾಗಲ್ಲ, ಮುಖ ಕಾಣಬೇಕು ಎಂಬುದು ಅವರ ಲೆಕ್ಕ. ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ 20 ನಿಮಿಷ ಓದು. ಯಾರು ಯಾವುದನ್ನಾದರೂ ತೆಗೆದುಕೊಳ್ಳಬಹುದು. ಒಂದು ಪುಟ ಓದಿ ನೋಡಬೇಕು, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದೊಂದು ಬೆರಳು ಮಡಚಬೇಕು. ಐದೂ ಬೆರಳು ಮಡಚಿತೆಂದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ, ವಾಪಸ್ ಹಾಕಿ ಬೇರೆಯದು. ಹಿಡಿಸದಿದ್ದರೆ ನಡುವೆ ಬಿಡಬಹುದು. ಓದಿದ್ದನ್ನೇ ಮತ್ತೆ ಓದಬಹುದು.

ನಾಲ್ಕನೇ ತರಗತಿಯ ಒಬ್ಬ ಹುಡುಗಿ ಆನೆಯ ಕತೆ ಆರಿಸಿಕೊಂಡಿದ್ದಳು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದಿದಳು. ಒಂದು ಒತ್ತಕ್ಷರದ ಹತ್ತಿರ ನಿಂತು, ಎರಡು ಸಲ ಒಳಗೊಳಗೇ ಹೇಳಿಕೊಂಡು ಮುಂದೆ ಹೋದಳು. ಕತೆಯ ಆನೆ ಟೋಪಿ ಹಾಕಿಕೊಂಡು ಮಕ್ಕಳ ಜೊತೆ ಆಡುತ್ತದೆ. ಮುಗಿಸಿದವಳೇ ಮಿಸ್ ಹತ್ತಿರ ಎದ್ದು ಬಂದಳು.

‘ಮಿಸ್, ಇದು ಸುಳ್ಳಾನೆ.’

‘ಯಾಕಮ್ಮ?’

‘ನಮ್ಮಪ್ಪನ ಹೊಲಕ್ಕೆ ಬರಾದು ಹಿಂಗಿಲ್ಲ. ರಾಗಿನೆಲ್ಲ ತುಳ್ದಾಕ್ಬುಡ್ತದೆ. ಪಟಾಕಿ ಹೊಡುದ್ರೂ ಹೋಗಲ್ಲ.’

ಅಲ್ಲೇ ಓದುತ್ತಾ ಕೂತಿದ್ದ ಮಿಸ್ ತಮ್ಮ ಕೈಯಲ್ಲಿದ್ದ ಪುಸ್ತಕ ಮಡಚಿದರು. ಕತೆಯ ನೀತಿ ಏನು ಎಂದು ಕೇಳಲಿಲ್ಲ. ‘ಹಂಗಾದ್ರೆ ನಿಮ್ಮ ಆನೆ ಕತೆ ನೀನು ಹೇಳು, ನಾನು ಬರಕೋತೀನಿ’ ಎಂದರು. ಆ ಹುಡುಗಿ ಹೇಳಿದಳು. ಹನ್ನೆರಡು ಸಾಲು. ಮಿಸ್ ಅವಳ ಮಾತಿನಲ್ಲೇ ಬರೆದು, ಹಾಳೆ ಮಡಚಿ, ಪಿನ್ ಹೊಡೆದು ಹಗ್ಗಕ್ಕೆ ನೇತು ಹಾಕಿದರು. ಆಮೇಲೆ ಅವಳು ಆ ಸುಳ್ಳಾನೆಯ ಪುಸ್ತಕವನ್ನೇ ಮತ್ತೆ ಕೈಗೆತ್ತಿಕೊಂಡು, ‘ಮನೆಗೆ ತಗಂಡೋಗ್ಲಾ ಮಿಸ್, ನಮ್ಮಪ್ಪಂಗೆ ತೋರುಸ್ತೀನಿ’ ಎಂದಳು.

ಪುಸ್ತಕದೊಡನೆ ಜಗಳಕ್ಕೆ ನಿಂತ ಹುಡುಗಿ ಓದುಗಿಯಾಗಿಬಿಟ್ಟಿದ್ದಾಳೆ. ಇನ್ನು ಅವಳನ್ನು ಯಾವ ಪರೀಕ್ಷೆಯೂ ಅಳೆಯಬೇಕಾಗಿಲ್ಲ. ಮುದ್ರಿತವಾದದ್ದು ಬೇರೆಯವರ ಮಾತು, ಅದಕ್ಕೆ ನಾನೂ ಮಾತು ಸೇರಿಸಬಹುದು ಎಂದು ಅವಳಿಗೆ ಗೊತ್ತಾಗಿದೆ. ಪಠ್ಯಪುಸ್ತಕ ಈ ಧೈರ್ಯ ಕೊಡುವುದು ಕಷ್ಟ, ಯಾಕೆಂದರೆ ಅದರ ಕೊನೆಯಲ್ಲಿ ಪ್ರಶ್ನೆಗಳಿರುತ್ತವೆ, ಪ್ರಶ್ನೆಗೆ ಸರಿಯುತ್ತರ ಒಂದೇ ಇರುತ್ತದೆ.

ನನ್ನ ಬಾಲ್ಯದ ಒಂದು ಸಂಗತಿ ಇಲ್ಲಿ ಹೇಳದಿದ್ದರೆ ಮನಸ್ಸು ಕೇಳದು. ಐದನೇ ತರಗತಿಯಲ್ಲಿ ಸಮಾಜ ಪುಸ್ತಕದ ಒಳಗೆ ಚಂದಮಾಮ ಇಟ್ಟುಕೊಂಡು ಓದುತ್ತಿದ್ದೆ. ಮೇಷ್ಟ್ರು ಹಿಂದಿನಿಂದ ಬಂದು ಕಸಿದುಕೊಂಡರು. ಇಡೀ ತರಗತಿಯ ಮುಂದೆ ನಿಲ್ಲಿಸಿ, ‘ಕತೆ ಓದಿ ಯಾರು ಉದ್ಧಾರ ಆಗಿದಾರೆ’ ಎಂದು ಕೇಳಿ, ಅದನ್ನು ಎರಡು ತುಂಡು ಮಾಡಿದರು. ಪಕ್ಕದ ಮನೆಯವರಿಂದ ಎರವಲು ತಂದ ಸಂಚಿಕೆ ಅದು. ಆ ಮೇಷ್ಟ್ರು ಕೆಟ್ಟವರಲ್ಲ, ಲೆಕ್ಕವನ್ನು ಬಹಳ ಚೆನ್ನಾಗಿ ಹೇಳಿಕೊಡುತ್ತಿದ್ದರು. ಪಠ್ಯ ಬಿಟ್ಟು ಓದುವುದೆಲ್ಲ ಕಾಲಹರಣ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ಇವತ್ತಿಗೂ ಆ ನಂಬಿಕೆ ಹೋಗಿಲ್ಲ, ‘ಪೋರ್ಷನ್ ಮುಗಿಯಲ್ಲ’ ಎಂಬ ಹೊಸ ಮಾತಿನಲ್ಲಿ ಬರುತ್ತದೆ. ಪೋರ್ಷನ್ ಮುಗಿಯದಿರುವುದು ಮಕ್ಕಳಿಗೆ ಓದಲು ಬಾರದೆ ಇರುವುದರಿಂದ. ಸರಾಗವಾಗಿ ಓದುವ ಮಗುವಿಗೆ ವಿಜ್ಞಾನದ ಪಾಠವನ್ನು ಅರ್ಧ ಹೊತ್ತಿನಲ್ಲಿ ಹೇಳಬಹುದು. ದಿನಕ್ಕೆ 20 ನಿಮಿಷ ಕೊಟ್ಟವರಿಗೆ ಆ ಸಮಯ ಬಡ್ಡಿಸಮೇತ ವಾಪಸ್ ಬರುತ್ತದೆ. ದಿನಾ ಆಗದಿದ್ದರೆ ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಇದೆ, ಅಲ್ಲಿಂದಲಾದರೂ ಶುರುಮಾಡಬಹುದು.

ಈ ಸೀಮೆಯ ಶಾಲೆಗಳಲ್ಲಿ ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. ಹುಳ ಹಣ್ಣಾಗುವ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾಗಿ ಅದನ್ನು ಚಂದ್ರಿಕೆಗೆ ಬಿಡುವ ದಿನ, ಎಷ್ಟೋ ಮಕ್ಕಳು ಶಾಲೆಗೆ ಬರುವುದಿಲ್ಲ. ಮನೆಯಲ್ಲಿ ಕೈ ಸಾಲುವುದಿಲ್ಲ. ಎರಡು ದಿನ ತಪ್ಪಿದ ಮಗುವಿಗೆ ಪಠ್ಯದ ಪಾಠ ಮುಂದೆ ಹೋಗಿಬಿಟ್ಟಿರುತ್ತದೆ. ತಾನೇ ಆರಿಸಿಕೊಂಡ ಕತೆಪುಸ್ತಕ ಹಾಗಲ್ಲ, ಬಿಟ್ಟ ಪುಟದಲ್ಲೇ ಕಾದಿರುತ್ತದೆ. ಇನ್ನೊಂದು, ಮನೆಮಾತು. ರಾಮನಗರದ ನೂಲು ಬಿಚ್ಚುವ ಘಟಕಗಳಲ್ಲಿ, ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ದುಡಿಯುವ ಅನೇಕ ಕುಟುಂಬಗಳ ಮನೆಮಾತು ಉರ್ದು. ಆ ಮಕ್ಕಳು ಕನ್ನಡ ಕಲಿಯುವುದು ಬೀದಿಯಲ್ಲಿ ಮತ್ತು ಶಾಲೆಯಲ್ಲಿ. ಅವರಿಗೆ ಚಿತ್ರ ಹೆಚ್ಚಿರುವ, ಸಾಲು ಕಡಿಮೆಯಿರುವ ಪುಸ್ತಕ ಬೇಕು. ಉರ್ದು ಪುಸ್ತಕವೂ ಅದೇ ಹಗ್ಗದ ಮೇಲೆ ಇರಬೇಕು. ಅಮ್ಮನ ಮಾತಿನಲ್ಲಿ ಓದಿನ ರುಚಿ ಹತ್ತಿದ ಮಗು ಶಾಲೆಯ ಮಾತಿನಲ್ಲಿ ಓದಲು ಹೆದರುವುದಿಲ್ಲ.

ಓದಿಗೆ ಮುಂಚೆ ಕೇಳುವುದಿದೆ. ಕತೆ ಕೇಳಿ ಬೆಳೆಯದ ಮಗುವಿಗೆ ಪುಸ್ತಕದಲ್ಲಿ ಏನಿದೆ ಎಂಬ ಕುತೂಹಲವೇ ಹುಟ್ಟುವುದಿಲ್ಲ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಮೈಸೂರು ರಸ್ತೆಯ ಬದಿಯಲ್ಲೇ, ಎಚ್‌.ಎಲ್‌. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ನಾಡಿನ ಹಾಡು, ಕತೆ, ವಸ್ತುಗಳನ್ನು ಒಬ್ಬ ಅಧಿಕಾರಿ ತನ್ನ ಆಯುಷ್ಯವನ್ನೇ ಕೊಟ್ಟು ಕೂಡಿಟ್ಟ ಜಾಗ. ಶಾಲೆಗಳು ಅಲ್ಲಿಗೆ ಪ್ರವಾಸ ಹೋಗುತ್ತವೆ, ಫೋಟೊ ತೆಗೆಸಿಕೊಂಡು ಬರುತ್ತವೆ. ಆದರೆ ಶಾಲೆಯಿರುವ ಊರಿನಲ್ಲೇ ಕತೆ ಬಲ್ಲ ಅಜ್ಜಿಯರಿದ್ದಾರೆ. ವಾರಕ್ಕೊಮ್ಮೆ ಒಬ್ಬ ಅಜ್ಜಿಯನ್ನು ಕರೆದು ಕೂರಿಸಿ, ಅವರು ಹೇಳಿದ ಕತೆಯನ್ನು ಐದನೇ ತರಗತಿಯ ಮಕ್ಕಳಿಂದ ಬರೆಸಿ ಮೂರನೇ ತರಗತಿಯವರಿಗೆ ಓದಲು ಕೊಟ್ಟರೆ ಯಾವ ಅನುದಾನವೂ ಬೇಕಾಗಿಲ್ಲ. ಅಜ್ಜಿ ಬರದ ದಿನ ಶಿಕ್ಷಕರೇ ಒಂದು ಪುಸ್ತಕ ದೊಡ್ಡದಾಗಿ ಓದಿ ಹೇಳಲಿ, ಕುತೂಹಲದ ಘಟ್ಟದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಹೋಗಲಿ. ಬೆಲ್ ಹೊಡೆಯುವುದರೊಳಗೆ ಆ ಪುಸ್ತಕಕ್ಕೆ ಕಿತ್ತಾಟ ಶುರುವಾಗಿರುತ್ತದೆ.

ಶಾಲೆಯಾಚೆಗೂ ಈಗ ಒಂದು ಆಸರೆಯಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ತೆರೆದಿದ್ದ ಬಾಗಿಲುಗಳಲ್ಲಿ ಇದೂ ಒಂದು. ರಾಜ್ಯದ 5 ಸಾವಿರಕ್ಕೂ ಹೆಚ್ಚಿನ ಈ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ಗೋಡೆಗೆ ಬಣ್ಣ, ಮಕ್ಕಳಿಗೆ ಚಾಪೆ, ಕೆಲವು ಕಡೆ ಕಂಪ್ಯೂಟರ್. ನಾನು ನೋಡಿದ ಕೆಲವು ಕೇಂದ್ರಗಳಲ್ಲಿ ಸಂಜೆ ನಾಲ್ಕೂವರೆಯ ಮೇಲೆ ಕೂರಲು ಜಾಗವಿರುವುದಿಲ್ಲ, ಇನ್ನು ಕೆಲವು ದಿನಪತ್ರಿಕೆ ಓದುವ ನಾಲ್ಕು ಹಿರಿಯರ ಜಾಗವಾಗಿ ಉಳಿದಿವೆ. ವ್ಯತ್ಯಾಸವೆಲ್ಲ ಮೇಲ್ವಿಚಾರಕರದು ಮತ್ತು ಊರಿನ ಶಿಕ್ಷಕರದು. ಶಿಕ್ಷಕರು ವಾರಕ್ಕೊಮ್ಮೆ ತಾವೇ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋದ ಊರಲ್ಲಿ ಉಳಿದ ದಿನ ಮಕ್ಕಳು ತಾವಾಗಿಯೇ ಹೋಗುತ್ತಾರೆ.

ಕನಕಪುರದಲ್ಲಿ ಎಸ್‌. ಕರಿಯಪ್ಪನವರು ಹಳ್ಳಿಯ ಹುಡುಗರಿಗೆಂದು ಶಾಲೆ, ಕಾಲೇಜು ಕಟ್ಟಿದ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ತರುವುದೇ ದೊಡ್ಡ ಹೋರಾಟವಾಗಿತ್ತು. ಆ ಹೋರಾಟ ಬಹುಪಾಲು ಗೆದ್ದಿದ್ದೇವೆ. ಮಕ್ಕಳು ಬಂದಿದ್ದಾರೆ, ಬೆಂಚಿನ ಮೇಲೆ ಕೂತಿದ್ದಾರೆ. ಅವರ ಕೈಗೆ ಪುಸ್ತಕ ಕೊಡುವುದು ನಮ್ಮ ಪಾಲಿಗೆ ಬಂದಿರುವ ಕೆಲಸ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಮುಖ್ಯ ಶಿಕ್ಷಕರಲ್ಲಿ ನನ್ನದೊಂದು ಬಿನ್ನಹ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಬೀರುವಿನ ಬೀಗದ ಕೈ ತೆಗೆದುಕೊಳ್ಳಿ. ಕಳೆದುಹೋಗುವ, ಹರಿದುಹೋಗುವ ಪುಸ್ತಕಗಳ ಬಗ್ಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ನಿರ್ಣಯ ಬರೆಸಿಕೊಳ್ಳಿ, ಪೋಷಕರು ಬೇಡವೆನ್ನುವುದಿಲ್ಲ. ಶಿಕ್ಷಣಾಧಿಕಾರಿಗಳೇ, ತಪಾಸಣೆಗೆ ಹೋದಾಗ ಎಷ್ಟು ಪುಸ್ತಕ ಇವೆ ಎಂದು ಕೇಳಬೇಡಿ, ಎಷ್ಟು ಪುಸ್ತಕ ಮಕ್ಕಳ ಮನೆಯಲ್ಲಿವೆ ಎಂದು ಕೇಳಿ. ಬೀರುವಿನಿಂದ ನಾಲ್ಕನೇ ತರಗತಿಯ ಬಾಗಿಲಿಗೆ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಹಗ್ಗ ಕಟ್ಟಲು ಮಕ್ಕಳೇ ಬರುತ್ತಾರೆ.